ದೊಡ್ಡದರ ಹೆಸರಿನಲ್ಲಿ

"ನಮ್ಮ ಟ್ಯಾಕ್ಸಿ ಡ್ರೈವರು ಸಾವಿರದ ಒಂಬೈನೂರು ವರ್ಷದಿಂದ ಪುಸ್ತಕ ವಾಪಸ್ ಕೊಟ್ಟಿಲ್ವಂತೆ ಕಣೋ," ಎಂದಳು ಅಕ್ಕ ಗ್ರಂಥಾಲಯದಿಂದ ಫೋನಿನಲ್ಲಿ. "ಪಾಪ, ನಿನ್ನೆ ತಾನೇ ತಗೊಂಡು ಹೋಗಿದ್ದು. ಇವತ್ತು ಓದಿ ಮುಗಿಸಿ ತಂದಿದಾರೆ. ಕಂಪ್ಯೂಟರು ನೋಡಿದ್ರೆ ಹೀಗಂತಿದೆ. ಹೋಗ್ಲಿ, ವಾಪಸ್ ತಗೊಳ್ಳೋಣ ಅಂದ್ರೆ ಆ ಗುಂಡಿ ಎಷ್ಟು ಒತ್ತಿದ್ರೂ ಜಪ್ಪಯ್ಯ ಅನ್ನಲ್ಲ."

ಆ ಕಡೆ ಯಾರೋ ಗಂಡಸು ಹೊಟ್ಟೆ ಹುಣ್ಣಾಗುವಂತೆ ನಗುತ್ತಿರುವುದು ಕೇಳಿಸಿತು. ಟ್ಯಾಕ್ಸಿ ಡ್ರೈವರೇ ಇರಬೇಕು. ತಮ್ಮನಿಗೆ ನಗು ಬರಲಿಲ್ಲ. ಈ ಕಾಯಿಲೆ ಅವನಿಗೆ ಹಳೆಯದು.

"ಪುಸ್ತಕ ವಾಪಸ್ ಕೊಡೋ ತಾರೀಕಿನಲ್ಲಿ ಇಸವಿ ಎಷ್ಟು ಅಂತಿದೆ ನೋಡು."

"ನೂರಾ ಮೂರು. ಬರೀ ನೂರಾ ಮೂರು. ಆಗ ಪುಸ್ತಕ ಇತ್ತೇನೋ?"

"ತಪ್ಪು ನಮ್ಮದಲ್ಲಕ್ಕ. ನಿಮ್ಮ ಗ್ರಂಥಾಲಯದ ವೆಬ್ ಪುಟ ಬರೆದವರದ್ದು."

"ಯಾರದ್ದಾದ್ರೂ ಆಗ್ಲಿ, ಬೇಗ ಸರಿ ಮಾಡು. ಇಲ್ಲಿ ಜನ ನಿಂತಿದಾರೆ," ಎಂದು ಅಕ್ಕ ಫೋನಿಟ್ಟಳು. ಜನ ನಿಂತಿದ್ದಾರೆ ಅಂದರೆ ಅವಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ವಾದ ಇನ್ನೊಂದಿಲ್ಲ.

ಹೊಲಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ತಮ್ಮನ ಆಫೀಸು. ಕೆಳಗೆ ಹೊಲಿಗೆ ಯಂತ್ರಗಳು ಓಡಿದರೆ ಮೇಲೆ ಕೂತವರ ಅಂಗಾಲು ಜುಮುಗುಡುತ್ತಿತ್ತು. ದಪ್ಪ ಹೊಟ್ಟೆಯ ಮಾನಿಟರುಗಳನ್ನು ಹೊತ್ತ ಮೂರು ಮೇಜು, ಮೂರೇ ಜನ. ಆ ಮೂವರು ಸೇರಿ ಒಂದು ಬ್ರೌಸರು ಮಾಡಿದ್ದರು. ಜಗತ್ತಿನ ಮುಕ್ಕಾಲು ಪಾಲು ಜನ ಬಳಸುತ್ತಿದ್ದ ಬ್ರೌಸರನ್ನು ಅವರು ದೊಡ್ಡದು ಎನ್ನುತ್ತಿದ್ದರು, ತಮ್ಮದನ್ನು ಚಿಕ್ಕದು. ಚಿಕ್ಕದು ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿತ್ತು. ಉಳಿದವರು ಗುಜರಿಗೆ ಹಾಕಿದ ಯಂತ್ರಗಳ ಮೇಲೂ ಉಸ್ಸೆನ್ನದೆ ಓಡುತ್ತಿತ್ತು.

ಪುಟಗಳ ಒಳಗೆ ಬರೆದಿರುವ ಸಣ್ಣ ಸಣ್ಣ ಆಜ್ಞೆಗಳಿಗೆ ಸ್ಕ್ರಿಪ್ಟು ಎಂದು ಹೆಸರು. ಗುಂಡಿ ಒತ್ತಿದರೆ ಏನಾಗಬೇಕು, ತಾರೀಕು ಹೇಗೆ ಲೆಕ್ಕ ಹಾಕಬೇಕು, ಎಲ್ಲ ಅದರ ಕಾರುಬಾರು. ಚಿಕ್ಕದರಲ್ಲಿ ಆ ವಿಭಾಗವನ್ನು ಬರೆದವನೂ ಅಕ್ಕನ ಈ ತಮ್ಮನೇ, ಅದರ ಬಗ್ಗೆ ಬರುವ ದೂರುಗಳನ್ನು ದಿನವಿಡೀ ಕೇಳಬೇಕಾದವನೂ ಅವನೇ. ಹಾಗಾಗಿ ಆಫೀಸಿನಲ್ಲಿ ಅವನಿಗೆ ತಕರಾರಪ್ಪ ಎಂದು ಹೆಸರು ಬಿದ್ದಿತ್ತು. ಮದುವೆಯ ಮಾತುಕತೆಗೆ ಬಂದ ಬೀಗರ ಮುಂದೆಯೂ ಒಮ್ಮೆ ಯಾರೋ ಹಾಗೇ ಕರೆದು, ಆ ಸಂಬಂಧ ಅಲ್ಲಿಗೇ ನಿಂತುಹೋಗಿತ್ತು.

ಪುಟವೊಂದು 'ಈಗ ಯಾವ ವರ್ಷ?' ಎಂದು ಬ್ರೌಸರನ್ನು ಕೇಳಿದರೆ, ನಿಯಮದ ಪ್ರಕಾರ ಸಾವಿರದ ಒಂಬೈನೂರನ್ನು ಕಳೆದು ಉಳಿದದ್ದನ್ನು ಹೇಳಬೇಕು. ಎರಡಂಕಿಯಲ್ಲಿ ಇಸವಿ ಬರೆಯುತ್ತಿದ್ದ ಕಾಲದ ಚಾಳಿ ಅದು. ಆದರೂ ನಿಯಮ ನಿಯಮವೇ. ಎರಡು ಸಾವಿರದ ಮೂರರಲ್ಲಿ ಸರಿಯಾದ ಉತ್ತರ ನೂರ ಮೂರು. ಚಿಕ್ಕದು ವಿಧೇಯವಾಗಿ ಅದನ್ನೇ ಹೇಳುತ್ತಿತ್ತು. ದೊಡ್ಡದು ನಿಯಮಕ್ಕೆ ಸೊಪ್ಪು ಹಾಕದೆ ಇಡೀ ಇಸವಿಯನ್ನೇ ಒಪ್ಪಿಸಿಬಿಡುತ್ತಿತ್ತು. ಪುಟ ಬರೆಯುವವರು ದೊಡ್ಡದರಲ್ಲೇ ಬರೆದು, ದೊಡ್ಡದರಲ್ಲೇ ನೋಡಿ, ಸರಿಯಿದೆಯೆಂದು ಕೈತೊಳೆದುಕೊಳ್ಳುತ್ತಿದ್ದರು. ಗುಂಡಿಯ ಕಥೆಯೂ ಅಷ್ಟೇ. ಪುಟದಲ್ಲಿರುವ ಗುಂಡಿಯನ್ನು ಸುಮ್ಮನೆ ಹೆಸರು ಹಿಡಿದು ಕೂಗಿದರೆ ದೊಡ್ಡದು ಓಡಿ ಹೋಗಿ ಹುಡುಕಿ ತರುತ್ತಿತ್ತು. ಗುಂಡಿಯನ್ನು ಕರೆಯಲು ನಿಯಮ ಬೇರೆಯೇ ಇದೆ, ಅದರಂತೆ ಕರೆಯಿರಿ ಎಂದು ಚಿಕ್ಕದು ಕೈಕಟ್ಟಿ ಕೂರುತ್ತಿತ್ತು.

ಇದಕ್ಕೆಲ್ಲ ಆ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಪುಟದ ತಪ್ಪಿಗೆ ಬ್ರೌಸರನ್ನು ಮುಟ್ಟಬಾರದು. ಪುಟ ಬರೆದವರಿಗೆ ವಿನಯವಾಗಿ ಒಂದು ಪತ್ರ ಬರೆಯಬೇಕು. ಪದ್ಧತಿ ಮಾಡಿದವರು ಮೂವರಲ್ಲಿ ಹಿರಿಯರಾದ ಮೇಷ್ಟ್ರು. ಹಿಂದೆ ಗಣಿತ ಪಾಠ ಮಾಡುತ್ತಿದ್ದವರು. ಪಾಠ ಬಿಟ್ಟರೂ ತಿದ್ದುವ ಚಟ ಬಿಟ್ಟಿರಲಿಲ್ಲ. ಕಟ್ಟಡದ ಮಾಲೀಕ ಗೋಡೆಗೆ ಅಂಟಿಸಿದ್ದ ಸೂಚನೆಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ಇಟ್ಟಿದ್ದರು. ತಕರಾರಪ್ಪ ಅಂಥ ಪತ್ರಗಳನ್ನು ರಾಶಿ ರಾಶಿ ಬರೆದಿದ್ದ. ಗ್ರಂಥಾಲಯದ ಪುಟ ಬರೆದವರಿಗೂ ಅಂದೇ ಬರೆದ. ಸಂಜೆಯೊಳಗೆ ಉತ್ತರ ಬಂತು. ಎಲ್ಲರೂ ಬರೆಯುವ ಉತ್ತರವೇ: ದೊಡ್ಡದರಲ್ಲಿ ಸರಿಯಾಗಿ ಕಾಣುತ್ತಿದೆ, ದಯವಿಟ್ಟು ದೊಡ್ಡದನ್ನೇ ಬಳಸಿ.

ಭಾನುವಾರ ಅವನು ಅಕ್ಕನ ಗ್ರಂಥಾಲಯಕ್ಕೆ ಹೋದ. ಅದು ಕೇಂದ್ರ ಗ್ರಂಥಾಲಯದ ಒಂದು ಪುಟ್ಟ ಶಾಖೆ: ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಉದ್ದನೆಯ ಒಂದೇ ಕೋಣೆ, ಬೀದಿಯ ಕಡೆ ಕಿಟಕಿ, ಕಿಟಕಿಯ ಕೆಳಗೆ ಸಾಲಾಗಿ ಹಳೇ ಕಂಪ್ಯೂಟರುಗಳು. ಅವನು ಬೆಳೆದದ್ದೇ ಇಲ್ಲಿ. ಅಪ್ಪ ಅಮ್ಮ ಇಬ್ಬರೂ ಪಾಳಿಯ ಮೇಲೆ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಕ್ಕ ಅವನನ್ನು ಕೈಹಿಡಿದು ಕರೆತಂದು ಕೌಂಟರಿನ ಹಿಂದೆ ಕೂರಿಸಿಕೊಳ್ಳುತ್ತಿದ್ದಳು. ಅವನು ಮಗ್ಗಿ ಕಲಿತದ್ದು, ಹಾಲುಹಲ್ಲು ಕಳೆದುಕೊಂಡದ್ದು, ಅಕ್ಕನ ಕೈಯಲ್ಲಿ ಏಟು ತಿಂದದ್ದು, ಎಲ್ಲ ಆ ಕೌಂಟರಿನ ಹಿಂದೆ.

ಮುಚ್ಚಿಹೋದ ಯಾವುದೋ ಕಚೇರಿಯಿಂದ ಕಂಪ್ಯೂಟರುಗಳು ದಾನವಾಗಿ ಬಂದಾಗ ದೊಡ್ಡದನ್ನು ಹಾಕಲು ನೋಡಿದ್ದರು. ಯಂತ್ರಗಳು ಏದುಸಿರು ಬಿಟ್ಟು ನಿಂತುಬಿಟ್ಟವು. ಅಕ್ಕ ಎಲ್ಲದರಲ್ಲೂ ಚಿಕ್ಕದನ್ನು ಹಾಕಿಸಿದಳು. ಅಂದಿನಿಂದ ಮೆಟ್ಟಿಲು ಹತ್ತಿ ಬಂದವರಿಗೆಲ್ಲ, ನೀರಿನ ಮೀಟರು ನೋಡಲು ಬಂದವನನ್ನೂ ಬಿಡದೆ, "ಇದು ನನ್ನ ತಮ್ಮ ಮಾಡಿದ್ದು" ಎಂದು ತೋರಿಸುತ್ತಿದ್ದಳು. "ನಾನೊಬ್ಬನೇ ಮಾಡಿಲ್ಲಕ್ಕ, ಮೂರು ಜನ," ಎಂದು ಅವನು ನಾಚಿಕೊಂಡರೆ, "ಮಿಕ್ಕ ಇಬ್ಬರದ್ದು ಅವರ ಅಕ್ಕಂದಿರು ಹೇಳ್ಕೊಳ್ಳಲಿ" ಎನ್ನುತ್ತಿದ್ದಳು.

ಅಂದು ಅವಳು ಯಾರಿಗೂ ಏನನ್ನೂ ತೋರಿಸುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಪುಸ್ತಕಗಳ ದೂಳು ಹೊಡೆಯುತ್ತಿದ್ದಳು. ಅವಳಿಗೆ ತಲೆ ಕೆಟ್ಟಾಗ ಮಾಡುವ ಕೆಲಸ ಅದು.

"ಬುಧವಾರ ಕೇಂದ್ರದಿಂದ ಇನ್‌ಸ್ಪೆಕ್ಷನ್ನಿಗೆ ಬರ್ತಾರೆ," ಎಂದಳು ಬೆನ್ನು ತಿರುಗಿಸಿಕೊಂಡೇ. "ಹೊಸ ಪುಟ ಇನ್ಮೇಲೆ ದೊಡ್ಡದರಲ್ಲಿ ಮಾತ್ರ ತೆರೆಯುತ್ತಂತೆ. ಬೇರೆದರಲ್ಲಿ ಬಂದ್ರೆ ಒಳಗೇ ಬಿಡಲ್ವಂತೆ. ಯಾವ ಶಾಖೆಯಲ್ಲಿ ಅದು ಓಡಲ್ವೋ ಆ ಶಾಖೆ ಮುಚ್ಚಿ ಕೇಂದ್ರಕ್ಕೆ ಸೇರಿಸ್ತಾರಂತೆ."

"ಹೊಸ ಕಂಪ್ಯೂಟರು ಕೇಳಲಿಲ್ವಾ?"

"ಕೇಳ್ದೆ. ಇಷ್ಟು ಸಣ್ಣ ಶಾಖೆಗೆ ಯಾಕೆ ಅಂದ್ರು." ಅವಳು ದೂಳಿನ ಬಟ್ಟೆಯನ್ನು ಕೊಡವಿದಳು. "ನನ್ನ ಕೆಲಸ ಎಲ್ಲೂ ಹೋಗಲ್ಲ ಬಿಡು. ಅಲ್ಲಿ ನೆಲಮಾಳಿಗೇಲಿ ಪುಸ್ತಕಕ್ಕೆ ಚೀಟಿ ಅಂಟಿಸ್ತಾ ಕೂರಬಹುದು. ಆದ್ರೆ ಇವರೆಲ್ಲ ಎಲ್ಲಿಗೆ ಹೋಗಬೇಕು? ಆ ಡ್ರೈವರು ಗಾಡಿ ಕೆಳಗೆ ನಿಲ್ಲಿಸಿ ಅರ್ಧ ಗಂಟೆ ಓದಿ ಹೋಗ್ತಾರೆ. ಕೇಂದ್ರಕ್ಕೆ ಎರಡು ಬಸ್ ಬದಲಾಯಿಸಬೇಕು ಕಣೋ, ಯಾರು ಹೋಗ್ತಾರೆ?" ಅವಳು ಒರೆಸಿದ ಕಪಾಟನ್ನೇ ಮತ್ತೆ ಒರೆಸಿದಳು. "ನಾನೇ ಹಠ ಮಾಡಿ ಚಿಕ್ಕದು ಹಾಕಿಸಿದ್ದು. ಈಗ ಅದೇ ನನ್ನ ಕತ್ತಿಗೆ ಬಂತು."

ಈ ಕೊನೆಯ ಮಾತನ್ನು ಅವಳು ಅವನನ್ನು ಚುಚ್ಚಲು ಆಡಿದ್ದಲ್ಲ. ಆದರೂ ಅವನಿಗೆ ಚುಚ್ಚಿತು. ಇಷ್ಟು ವರ್ಷ 'ತಪ್ಪು ನಮ್ಮದಲ್ಲ' ಎಂದು ಎಷ್ಟು ಜನರಿಗೆ ಹೇಳಿದ್ದ ಅವನು! ಹೇಳಿ ಫೋನಿಟ್ಟ ಮೇಲೆ ಆ ಕಡೆ ನಿಂತ ಜನ ಏನು ಮಾಡಿದರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಬರುತ್ತಿದ್ದಂತೆ ಅವನು ಅವರ ಮೇಜಿನ ಮುಂದೆ ನಿಂತ. "ಮೇಷ್ಟ್ರೇ, ಚಿಕ್ಕದಕ್ಕೆ ವೇಷ ಹಾಕೋಣ ಅಂತಿದೀನಿ."

"ಏನು ವೇಷ?"

"ಪುಟ 'ನೀನ್ಯಾರು' ಅಂತ ಕೇಳಿದ್ರೆ 'ನಾನು ದೊಡ್ಡದು' ಅನ್ನೋದು. ಹೆಸರು ಹೇಳಿದ ಮೇಲೆ ಅದರ ಥರಾನೇ ನಡ್ಕೊಳ್ಳೋದು. ಇಸವಿ ಪೂರ್ತಿ ಹೇಳೋದು. ಹೆಸರು ಹಿಡಿದು ಕೂಗಿದ್ರೆ ಗುಂಡೀನ ಹುಡುಕಿ ಕೊಡೋದು."

ಮೇಷ್ಟ್ರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಪೀಠಿಕೆ ಮುಗಿಯಿತೆಂದೇ ಅರ್ಥ. "ಅಂದ್ರೆ ಅವರ ತಪ್ಪನ್ನ ನಾವು ಕಾಪಿ ಹೊಡೆಯೋದು. ನಿಯಮ ಓದಿ, ಸಾವಿರದ ಒಂಬೈನೂರು ಕೂಡಿಸಿ, ಶಿಸ್ತಾಗಿ ಬರೆದವರ ಪುಟ ಏನಾಗುತ್ತೆ ಗೊತ್ತಾ? ಅಲ್ಲಿ ಮೂರು ಸಾವಿರದ ಒಂಬೈನೂರ ಮೂರು ಅಂತ ಬರುತ್ತೆ. ಸರಿಯಾಗಿ ಬರೆದವರಿಗೆ ಶಿಕ್ಷೆ, ತಪ್ಪು ಬರೆದವರಿಗೆ ಸನ್ಮಾನ!"

"ಎಲ್ಲರಿಗೂ ಬೇಡ ಸಾರ್. ಬೇಕಾದವರು ಮಾತ್ರ ವೇಷ ಹಾಕ್ಕೊಳ್ಳಲಿ."

"ಇನ್ನೊಂದು ಹೇಳ್ತೀನಿ ಕೇಳು. ಪುಟ ಇಟ್ಟುಕೊಂಡಿರೋರು ಯಾವ ಬ್ರೌಸರಿನಿಂದ ಎಷ್ಟು ಜನ ಬಂದ್ರು ಅಂತ ಎಣಿಸ್ತಾರೆ. ನಾವು ದೊಡ್ಡದರ ಹೆಸರು ಹೇಳಿದ್ರೆ ದೊಡ್ಡದರ ಖಾತೆಗೇ ಬೀಳ್ತೀವಿ. ಚಿಕ್ಕದನ್ನ ಯಾರೂ ಬಳಸ್ತಿಲ್ಲ ಅಂತ ನಾವೇ ಸಾಕ್ಷಿ ಹೇಳಿದ ಹಾಗೆ. ಆಮೇಲೆ ನಿನ್ನ ವಿನಯದ ಪತ್ರ ಯಾರು ಓದ್ತಾರೆ?"

ಅದು ನಿಜವಾಗಿತ್ತು. ಆಚೆ ಮೇಜಿನಿಂದ ಅಳತೆಯಮ್ಮ ತಲೆಯೆತ್ತಿದಳು. ಪುಟದಲ್ಲಿ ಯಾವುದು ಎಲ್ಲಿ, ಎಷ್ಟಗಲ ಕೂರಬೇಕೆಂದು ನೋಡಿಕೊಳ್ಳುವವಳು ಅವಳು. ಮೇಷ್ಟ್ರಿಗೆ ಎದುರಾಡುವ ಧೈರ್ಯ ಇದ್ದವಳೂ ಅವಳೊಬ್ಬಳೇ.

"ಮೇಷ್ಟ್ರೇ, ಅವನ ಅಕ್ಕನ ಲೈಬ್ರರಿ ಮುಚ್ಚಿದ್ರೆ ಆಗ್ಲೂ ನಮ್ಮ ಲೆಕ್ಕ ಕಮ್ಮಿನೇ ಆಗೋದು. ಹೇಗಿದ್ರೂ ಕಮ್ಮಿ. ಬಾಗಿಲಾದ್ರೂ ತೆರೆದಿರಲಿ ಬಿಡಿ."

ಮೇಷ್ಟ್ರು ಕನ್ನಡಕವನ್ನು ಒರೆಸಿ ಮತ್ತೆ ಹಾಕಿಕೊಂಡರು. ಕೆಳಗಿನ ಯಂತ್ರಗಳ ಸದ್ದಿಗೆ ಅವರ ಮೇಜಿನ ಮೇಲಿನ ಲೋಟ ಸಣ್ಣಗೆ ಕಿಣಿಗುಡುತ್ತಿತ್ತು. ಕೊನೆಗೆ ಎದ್ದು, "ನಾನು ಟೀ ಕುಡಿದು ಬರ್ತೀನಿ," ಎಂದರು. "ನಿಧಾನವಾಗಿ ಕುಡೀತೀನಿ. ನನ್ನ ಕಣ್ಣೆದುರಿಗೆ ಮಾಡ್ಬೇಡ."

ಮೇಷ್ಟ್ರು ಟೀ ಕುಡಿಯುವವರೇ ಅಲ್ಲ. ಅವರು ಮಧ್ಯಾಹ್ನದವರೆಗೂ ಬರಲಿಲ್ಲ. ಬಂದವರು ಚಪ್ಪಲಿಯನ್ನೂ ಬಿಡದೆ ನೇರ ತಕರಾರಪ್ಪನ ಹಿಂದೆ ನಿಂತು, ಅವನು ಬರೆದದ್ದನ್ನು ಮೇಲಿನಿಂದ ಕೆಳಗೆ ಓದಿದರು. ಅವರ ಬೆರಳು ಗಾಜಿನ ಮೇಲೆ ಒಂದು ಸಾಲಿನಲ್ಲಿ ನಿಂತಿತು.

"ಇಲ್ಲಿ ಹೆಸರು ಮಾತ್ರ ದೊಡ್ಡದರದ್ದು ಹೇಳಿದೀಯ. ಯಾವ ಆವೃತ್ತಿ ಅಂತ ಕೇಳಿದ್ರೆ ನಮ್ಮದನ್ನೇ ಹೇಳ್ತಿದೆ. ಸಿಕ್ಕಿಹಾಕ್ಕೊಳ್ತೀಯ. ಸುಳ್ಳು ಹೇಳೋದಾದ್ರೂ ನೆಟ್ಟಗೆ ಹೇಳೋ," ಎಂದು ಗದರಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಆ ಸುಳ್ಳನ್ನು ಇಬ್ಬರೂ ಸೇರಿ ಸಂಜೆಯವರೆಗೆ ತಿದ್ದಿದರು. ಮನೆಗೆ ಹೊರಡುವಾಗ ಮೇಷ್ಟ್ರ ಮುಖ ಮಾತ್ರ ಸಪ್ಪಗಿತ್ತು. ತಕರಾರಪ್ಪನಿಗೆ ಅವರನ್ನು ನೋಡಿ ಸಂಕಟವಾಯಿತು.

ಬುಧವಾರ ಬಾಗಿಲು ತೆರೆಯುವ ಮೊದಲೇ ಅವನು ಫ್ಲಾಪಿ ಹಿಡಿದು ಶಾಖೆಗೆ ಬಂದ. ಒಂದೊಂದೇ ಯಂತ್ರಕ್ಕೆ ಹೊಸ ಚಿಕ್ಕದನ್ನು ಹಾಕಿ ವೇಷ ತೊಡಿಸಿದ. ಮೇಲುಗಡೆ ಬ್ರೌಸರಿನ ಹೆಸರಿರುವ ಪಟ್ಟಿ ಕಾಣಿಸಿದರೆ ಕೆಲಸ ಕೆಟ್ಟಿತು. ಅದಕ್ಕೇ ಪುಟವೊಂದೇ ಪರದೆ ತುಂಬ ಕಾಣುವಂತೆ ಮಾಡಿ ಪಟ್ಟಿಯನ್ನು ಅಡಗಿಸಿದ. ಅಕ್ಕ ಹಿಂದಿನಿಂದ ನೋಡುತ್ತಿದ್ದಳು.

"ಹೆಸರೇ ಕಾಣಲ್ವಲ್ಲೋ."

"ಕಾಣಬಾರದು ಅಂತಲೇ ಮಾಡಿದ್ದು. ಅವರು ಯಾವ ಬ್ರೌಸರು ಅಂತ ಕೇಳಿದ್ರೆ ದೊಡ್ಡದು ಅನ್ನು. ಸಾಧ್ಯವಾದ್ರೆ ಏನೂ ಅನ್ಬೇಡ. ನನ್ನ ಸುದ್ದಿ ಎತ್ಲೇಬೇಡ. ಗೊತ್ತಾದ್ರೆ ಅವತ್ತೇ ತೆಗೆಸಿಹಾಕ್ತಾರೆ."

"ನನ್ನ ಬಾಯಲ್ಲಿ ಬರುತ್ತೇನೋ?" ಎಂದಳು ಅಕ್ಕ. ಅವಳಿಗೆ ನಿಜವಾಗಿಯೂ ಭಯವಾಗಿತ್ತು. ತಡವಾಗಿ ಪುಸ್ತಕ ತಂದವರು ಕಾಯಿಲೆಯ ನೆಪ ಹೇಳಿದರೆ ನಂಬಿ ಹಣ್ಣು ತೆಗೆದುಕೊಂಡು ನೋಡಲು ಹೋಗುತ್ತಿದ್ದ ಹೆಂಗಸು ಅವಳು.

ಇನ್‌ಸ್ಪೆಕ್ಷನ್ ಅಧಿಕಾರಿ ಸಂಭಾವಿತ ಮನುಷ್ಯ. ಬರುತ್ತಿದ್ದಂತೆ ಎಲ್ಲರಿಗೂ ನಮಸ್ಕಾರ ಹೇಳಿ, ಮೆಟ್ಟಿಲು ಹತ್ತಿದ್ದಕ್ಕೆ ಸುಧಾರಿಸಿಕೊಂಡು, ಕಿಟಕಿಯ ಬಳಿಯ ಕಂಪ್ಯೂಟರಿನ ಮುಂದೆ ಕೂತರು. ಪಕ್ಕದ ಕಂಪ್ಯೂಟರಿನಲ್ಲಿ ಟ್ಯಾಕ್ಸಿ ಡ್ರೈವರು ಏನೋ ಓದುತ್ತಿದ್ದರು. ತಕರಾರಪ್ಪ ಕಪಾಟಿನ ಪಕ್ಕ ಒಂದು ಪುಸ್ತಕ ಬಿಡಿಸಿಕೊಂಡು ನಿಂತ. ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ.

ಪುಟ ತೆರೆಯಿತು. ಒಳಗೆ ಬಿಟ್ಟಿತು. ಅಧಿಕಾರಿ ಒಂದು ಪುಸ್ತಕವನ್ನು ಎರವಲು ಕೊಟ್ಟು ನೋಡಿದರು. ಇಸವಿ ಪೂರ್ತಿ ಬಂತು. ವಾಪಸು ತೆಗೆದುಕೊಂಡು ನೋಡಿದರು. ಗುಂಡಿ ಒತ್ತಿದೊಡನೆ ಕೆಲಸ ಮುಗಿಯಿತು. ಅಕ್ಕನ ಕೈ ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಭೇಷ್!" ಎಂದರು ಅಧಿಕಾರಿ. "ಹಳೇ ಮಷಿನ್ನು, ಕಷ್ಟ ಅಂದ್ಕೊಂಡಿದ್ದೆ. ಕೇಂದ್ರದಲ್ಲೇ ಇಷ್ಟು ಚುರುಕಾಗಿ ಓಡಲ್ಲ ಮೇಡಂ. ಇವತ್ತು ಬೆಳಿಗ್ಗೆ ನಮ್ಮ ಎಣಿಕೆಯಲ್ಲೂ ನಿಮ್ಮ ಶಾಖೆಯದ್ದೆಲ್ಲ ದೊಡ್ಡದೇ ಅಂತ ಬಂತು. ಬೇರೆ ಚಿಲ್ಲರೆ ಬ್ರೌಸರು ಈಗ ಯಾರೂ ಇಟ್ಕೊಂಡಿಲ್ಲ ಬಿಡಿ, ನಮಗೂ ತಲೆನೋವು ತಪ್ಪಿತು. ದೊಡ್ಡದು ಅಂದ್ರೆ ದೊಡ್ಡದೇ."

ಅಕ್ಕ ಬಾಯಿ ತೆರೆದು, ಮುಚ್ಚಿಕೊಂಡಳು. ಆದರೆ ಡ್ರೈವರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಹೊಗಳಿಕೆ ಕೇಳಿ ಅವರ ಮುಖ ಅರಳಿತು.

"ಚುರುಕಾಗಿರದೆ ಇನ್ನೇನ್ ಸಾರ್! ಮೇಡಂ ಅವರ ತಮ್ಮನೇ ಕೂತು..."

"ತಮ್ಮನಾ?" ಅಧಿಕಾರಿ ತಿರುಗಿದರು. ಕೋಣೆಯಲ್ಲಿ ಇದ್ದ ಇನ್ನೊಬ್ಬನೇ ಗಂಡಸಿನ ಮೇಲೆ ಅವರ ಕಣ್ಣು ಬಿತ್ತು. "ಇವರಾ? ಏನು ಮಾಡಿದ್ರು ಇವರು?"

"ನನಗೆ ತಮ್ಮ ಇಲ್ಲ ಸಾರ್," ಎಂದಳು ಅಕ್ಕ.

ಅಷ್ಟು ಬೇಕಿರಲಿಲ್ಲ. ಬೇರೆ ಏನಾದರೂ ಹೇಳಬಹುದಿತ್ತು; ತಮ್ಮ ಬಂದಿದ್ದಾನೆ, ಪುಸ್ತಕ ನೋಡುತ್ತಿದ್ದಾನೆ ಎಂದರೂ ಸಾಕಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಅಂದಾಜು ಸಿಗದೆ ಬೇಕಾದ್ದಕ್ಕಿಂತ ದೊಡ್ಡ ಸುಳ್ಳನ್ನೇ ಹೇಳಿಬಿಟ್ಟಳು. ಹೇಳಿದ ಮೇಲೆ ಅವಳ ಮುಖದ ಬಣ್ಣವೇ ಇಳಿದುಹೋಯಿತು. "ಇವರು... ಇವರು ಫ್ಯಾನ್ ರಿಪೇರಿಗೆ ಬಂದಿರೋರು."

ಸುಳ್ಳು ಹೇಳು ಎಂದವನು ತಕರಾರಪ್ಪನೇ, ಹೇಳಿಕೊಟ್ಟವನೂ ಅವನೇ. ಆದರೂ ಜನಜಂಗುಳಿಯಲ್ಲಿ ಕೈತಪ್ಪಿದ ಮಗುವಿನ ಹಾಗಾಯಿತು ಅವನಿಗೆ. ಡ್ರೈವರು ಅಕ್ಕನ ಮುಖ ನೋಡಿದರು, ಅವನ ಮುಖ ನೋಡಿದರು, ನಾಲಿಗೆ ಕಚ್ಚಿಕೊಂಡು ಪರದೆಯ ಕಡೆ ತಿರುಗಿದರು.

"ಓ, ಸರಿ ಸರಿ. ನಾನೂ ಆಗ್ಲಿಂದ ಕೇಳ್ತಿದೀನಿ, ಕಟಕಟ ಅಂತಿದೆ," ಎಂದು ಅಧಿಕಾರಿ ಚಾವಣಿ ನೋಡಿದರು. "ನೋಡ್ರೀ, ನಾನಿರೋವಾಗಲೇ ಮಾಡಿ ಮುಗಿಸಿಬಿಡಿ. ನನ್ನದೇನೂ ಅಡ್ಡಿಯಿಲ್ಲ." ಹೀಗೆಂದು ಕೌಂಟರಿನ ಮುಂದೆ ಕೂತು ವರದಿ ಬರೆಯತೊಡಗಿದರು.

ಬೇರೆ ದಾರಿಯಿರಲಿಲ್ಲ. ಡ್ರೈವರೇ ಎದ್ದು ಹೋಗಿ ಸ್ವಿಚ್ಚು ಆರಿಸಿದರು. ಅಕ್ಕ ಮೇಲಿನ ಕಪಾಟಿಗೆ ಹತ್ತುವ ಎತ್ತರದ ಸ್ಟೂಲನ್ನು ಎಳೆದು ತಂದು ಫ್ಯಾನಿನ ಕೆಳಗೆ ಇಟ್ಟು, ಹಿಡಿದು ನಿಂತಳು. ಜನ್ಮದಲ್ಲಿ ಒಂದು ಫ್ಯಾನು ಬಿಚ್ಚಿರದ ತಕರಾರಪ್ಪ ಸ್ಟೂಲು ಹತ್ತಿ, ಕೈಗೆ ಸಿಕ್ಕ ತಿರುಪನ್ನು ಹಿಡಿದು ತಿರುಗಿಸತೊಡಗಿದ. ರೆಕ್ಕೆಗಳ ಮೇಲೆ ವರ್ಷಗಟ್ಟಲೆಯ ಜಿಡ್ಡು ದೂಳು. ಕ್ಷಣದಲ್ಲಿ ಅವನ ಎರಡೂ ಅಂಗೈ ಮಸಿಯಂತಾದವು.

"ಹುಷಾರು," ಎಂದಳು ಅಕ್ಕ ಕೆಳಗಿನಿಂದ. ಮತ್ತೆ ಅಧಿಕಾರಿಯ ಕಡೆ ನೋಡಿ, "ಹುಷಾರು ಕಣ್ರೀ. ನಿಧಾನವಾಗಿ ಮಾಡಿ," ಎಂದಳು.

ಹುಟ್ಟಿದಾಗಿನಿಂದ ಅಕ್ಕ ಅವನನ್ನು ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ಅವನು ಮೇಲೆ ನೋಡುತ್ತಲೇ, "ಆಯ್ತು ಮೇಡಂ," ಎಂದ. ದೂಳು ಕಣ್ಣಿಗೆ ಬಿದ್ದದ್ದಕ್ಕೆ ಅವನು ಕೃತಜ್ಞನಾಗಿದ್ದ.

ಅಧಿಕಾರಿ ವರದಿಗೆ ಸಹಿ ಹಾಕಿ ಎದ್ದರು. "ಸದ್ದು ನಿಂತೇಹೋಯ್ತಲ್ಲ, ಪರವಾಗಿಲ್ಲ ನಿಮ್ಮ ಕೈಗುಣ," ಎಂದು ಆರಿಸಿದ ಫ್ಯಾನಿನ ಕೆಳಗೆ ನಿಂತು ಮೆಚ್ಚಿಕೊಂಡರು. "ಮೇಡಂ, ಶಾಖೆ ಮುಂದುವರಿಯುತ್ತೆ. ಯೋಚನೆ ಮಾಡಬೇಡಿ." ಅವರು ಮೆಟ್ಟಿಲಿಳಿದರು. ಅವರನ್ನು ಬೀಳ್ಕೊಡಲು ಹೋದ ಡ್ರೈವರು ಬೇಕೆಂದೇ ಅವರೊಡನೆ ಕೆಳಗಿಳಿದು ಬಾಗಿಲನ್ನು ಹಿಂದೆ ಎಳೆದುಕೊಂಡರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಬೀದಿಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು, ಕಾರು ಹೊರಟದ್ದು ಕೇಳಿತು.

"ಇಳೀರಿ," ಎಂದಳು ಅಕ್ಕ. ಅಂದ ಮೇಲೆ ಆ ಬಹುವಚನ ಅವಳಿಗೇ ಕೇಳಿಸಿತು. ಅವಳು ಸ್ಟೂಲನ್ನು ಬಿಟ್ಟು, ಅವನ ಎರಡೂ ಮೊಣಕಾಲುಗಳನ್ನು ತಬ್ಬಿ ಹಿಡಿದು, ಹಣೆಯನ್ನು ಅವುಗಳಿಗೆ ಒತ್ತಿದಳು. ಇಳಿಯಬೇಕೆಂದರೂ ಅವನು ಇಳಿಯುವಂತಿರಲಿಲ್ಲ. ಅವನು ಅವಳ ತಲೆ ಸವರಲೆಂದು ಕೈ ತಗ್ಗಿಸಿದ, ಅಂಗೈಯ ಮಸಿ ಕಂಡು ಅಲ್ಲೇ ತಡೆದ. ಮಸಿ ಮೆತ್ತಿದ ಎರಡೂ ಕೈಗಳನ್ನು ಅವಳ ಕೂದಲಿಗೆ ತಾಗದಂತೆ ಗಾಳಿಯಲ್ಲಿ ಹಿಡಿದುಕೊಂಡು ಅವನು ಹಾಗೆಯೇ ನಿಂತಿದ್ದ.